ಕಿರೀಟ, ಕತ್ತಿ, ಕರಾರು

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವವು ನಾವು ಒಂದುಗೂಡಿದುದರ ಹಬ್ಬ. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಹೈದರಾಬಾದು, ಮದರಾಸು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ನೆಯ ಇಸವಿ ನವೆಂಬರ್ 1ರಂದು ಒಂದಾಯಿತು. 1973ರಲ್ಲಿ ಅದೇ ದಿನ ಕರ್ನಾಟಕವೆಂಬ ಹೆಸರನ್ನು ತಾಳಿತು. ಆ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯಿಂದ ಅನೇಕ ಸಲ ಹೇಳಿದ್ದಾರೆ. ಅದನ್ನೇ ನಾನು ಮತ್ತೆ ಹೇಳಹೊರಟರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾದೀತು. ಆದುದರಿಂದ ಬೇರೆ ದೇಶದ ಒಂದು ಏಕೀಕರಣದ ಕಥೆಯನ್ನು ತಮ್ಮ ಮುಂದಿಡುತ್ತೇನೆ. ಅದು ಇಂಗ್ಲೆಂಡು ಮತ್ತು ಸ್ಕಾಟ್ಲೆಂಡುಗಳು ಸುಮಾರು ನೂರು ವರ್ಷಗಳ ಕಾಲ ಹೆಣಗಾಡಿ ಒಂದು ರಾಜ್ಯವಾದ ಕಥೆ. ನಮ್ಮದು ಒಂದೇ ನುಡಿಯ ಜನ ಒಂದುಗೂಡಿದ ಬಗೆ. ಅವರದು ಬೇರೆ ಬೇರೆ ಎರಡು ರಾಜ್ಯಗಳು ಕೂಡಿದ ಬಗೆ. ಎರಡೂ ಒಂದೇ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಚರಿತ್ರೆಯ ಪಂಡಿತನಲ್ಲ. ವಾಣಿಜ್ಯದ ಪದವಿ ಪಡೆದು, ಈ ಮುಂಬಯಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾಖರ್ಚಿನ ನಡುವೆ ದಿನ ಕಳೆಯುವವನು. ಆದುದರಿಂದ ರಾಜರ ಕಥೆಯಲ್ಲಿಯೂ ನನ್ನ ಕಣ್ಣು ಕಿರ್ದಿ ಖಾತೆಗಳ ಮೇಲೆಯೇ ಬೀಳುತ್ತದೆ. ಆ ದೋಷವನ್ನು ತಾವು ಮನ್ನಿಸಬೇಕು. ಆದರೆ ಈ ಕಥೆಯಲ್ಲಿ ಖಾತೆಯ ಪುಸ್ತಕಕ್ಕೆ ಸಣ್ಣ ಸ್ಥಾನವೇನೂ ಇಲ್ಲವೆಂಬುದು ತಮಗೇ ತಿಳಿದೀತು.

ಒಂದೇ ದ್ವೀಪ. ದಕ್ಷಿಣದಲ್ಲಿ ಇಂಗ್ಲೆಂಡು, ಉತ್ತರದಲ್ಲಿ ಸ್ಕಾಟ್ಲೆಂಡು. 1700ರ ಸುಮಾರಿಗೆ ಇಂಗ್ಲೆಂಡಿನ ಜನಸಂಖ್ಯೆ ಸುಮಾರು ಐವತ್ತು ಲಕ್ಷ, ಸ್ಕಾಟ್ಲೆಂಡಿನದು ಹತ್ತು ಲಕ್ಷ. ಒಬ್ಬ ಅಣ್ಣ ದೊಡ್ಡ ಜಮೀನಿನವನು, ಇನ್ನೊಬ್ಬ ಕಲ್ಲುಭೂಮಿಯವನು. ಗಡಿಯಲ್ಲಿ ಮಾತ್ರ ಸದಾ ಜಗಳ. 1503ರಲ್ಲಿ ಸ್ಕಾಟ್ಲೆಂಡಿನ ನಾಲ್ಕನೆಯ ಜೇಮ್ಸನು ಇಂಗ್ಲೆಂಡಿನ ರಾಜಕುಮಾರಿ ಮಾರ್ಗರೆಟ್ಟಳನ್ನು ಮದುವೆಯಾದನು. ಬೀಗತನವಾದರೂ ಹಗೆ ನಿಲ್ಲಲಿಲ್ಲ. ಹತ್ತೇ ವರ್ಷಗಳಲ್ಲಿ, 1513ರಲ್ಲಿ, ಫ್ಲಾಡನ್ ಎಂಬಲ್ಲಿ ಭಾವಮೈದುನನ ಸೈನ್ಯದೊಡನೆ ಹೋರಾಡಿ ಜೇಮ್ಸನು ಮಡಿದನು. ಆದರೆ ಆ ಮದುವೆಯ ಫಲ ಮೂರು ತಲೆಗಳ ಅನಂತರ ಕೈಗೂಡಿತು. ಮಕ್ಕಳಿಲ್ಲದ ಎಲಿಜಬೆತ್ ರಾಣಿ 1603ರ ಮಾರ್ಚ್ 24ರಂದು ತೀರಿಕೊಂಡಾಗ, ಆ ದಂಪತಿಗಳ ಮರಿಮಗನಾದ ಆರನೆಯ ಜೇಮ್ಸನಿಗೆ ಇಂಗ್ಲೆಂಡಿನ ಸಿಂಹಾಸನ ಬಂದಿತು. ಹದಿಮೂರು ತಿಂಗಳ ಕೂಸಾಗಿದ್ದಾಗಲೇ ಸ್ಕಾಟ್ಲೆಂಡಿನ ದೊರೆಯಾಗಿದ್ದವನು ಆತ. ರಾಬರ್ಟ್ ಕ್ಯಾರಿ ಎಂಬವನು ಕುದುರೆಗಳನ್ನು ಬದಲಾಯಿಸುತ್ತ, ಸುಮಾರು ನಾನೂರು ಮೈಲಿಗಳನ್ನು ಮೂರು ದಿನಗಳಿಗಿಂತ ಕಡಮೆ ಅವಧಿಯಲ್ಲಿ ಓಡಿಸಿಕೊಂಡು ಹೋಗಿ, ಎಡಿನ್‌ಬರೋದಲ್ಲಿ ಮಲಗಿದ್ದ ಜೇಮ್ಸನನ್ನು ಎಬ್ಬಿಸಿ ಈ ಸುದ್ದಿಯನ್ನು ಹೇಳಿದನು.

ಜೇಮ್ಸನು ಹೊರಡುವಾಗ ತನ್ನ ಜನಕ್ಕೆ, ಮೂರು ವರ್ಷಗಳಿಗೊಮ್ಮೆ ಊರಿಗೆ ಬರುತ್ತೇನೆಂದು ಮಾತು ಕೊಟ್ಟನು. ತರುವಾಯ ಇಪ್ಪತ್ತೆರಡು ವರ್ಷ ಲಂಡನ್ನಿನಲ್ಲಿ ಆಳಿದನು. ಊರಿಗೆ ಬಂದುದು ಒಂದೇ ಸಲ, 1617ರಲ್ಲಿ. ಬೇಸಗೆಯ ರಜೆಗೆ ತಪ್ಪದೆ ಬರುತ್ತೇವೆಂದು ಹೇಳಿ ಧಾರವಾಡದಿಂದಲೋ ಉಡುಪಿಯಿಂದಲೋ ರೈಲು ಹತ್ತಿದ ನಮ್ಮವರಲ್ಲಿ ಕೆಲವರಿಗೆ ಈ ದೊರೆಯ ಮೇಲೆ ಸ್ವಲ್ಪ ಮರುಕ ಹುಟ್ಟಿದರೆ ಆಶ್ಚರ್ಯವಿಲ್ಲ.

ಹೀಗೆ ಕಿರೀಟದಿಂದಾದ ಕೂಡಿಕೆ ಮೊದಲನೆಯದು. ಎರಡು ರಾಜ್ಯಗಳಿಗೆ ದೊರೆ ಒಬ್ಬನೇ. ಆದರೆ ಪಾರ್ಲಿಮೆಂಟುಗಳು ಎರಡು, ನ್ಯಾಯಾಲಯಗಳು ಎರಡು ಬಗೆ, ಚರ್ಚು ಎರಡು ಬಗೆ, ಖಜಾನೆ ಎರಡು. ನಾಣ್ಯದ ಮಾತನ್ನಂತೂ ಕೇಳಲೇಬೇಡಿ. ಎರಡೂ ಕಡೆ ಪೌಂಡೆಂದೇ ಹೆಸರು. ಆದರೆ ಸ್ಕಾಟ್ಲೆಂಡಿನ ಹನ್ನೆರಡು ಪೌಂಡು ಕೊಟ್ಟರೆ ಇಂಗ್ಲೆಂಡಿನ ಒಂದು ಪೌಂಡು. ಜೇಮ್ಸನಿಗೆ ಇದು ಸರಿಬೀಳಲಿಲ್ಲ. 1604ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆತ ಹೇಳಿದ ಮಾತಿನ ತಾತ್ಪರ್ಯವಿದು: ತಾನು ಗಂಡ, ಈ ಇಡೀ ದ್ವೀಪ ತನ್ನ ಧರ್ಮಪತ್ನಿ, ಇಬ್ಬರು ಹೆಂಡಿರ ಗಂಡನಾಗಿರಲು ತನಗೆ ಇಷ್ಟವಿಲ್ಲ. ಅದೇ ವರ್ಷ ಘೋಷಣೆ ಹೊರಡಿಸಿ ಗ್ರೇಟ್ ಬ್ರಿಟನ್ನಿನ ದೊರೆಯೆಂದು ತನಗೆ ತಾನೇ ಬಿರುದು ಇಟ್ಟುಕೊಂಡನು. ‘ಯುನೈಟ್’ ಎಂಬ ಹೆಸರಿನ ಚಿನ್ನದ ನಾಣ್ಯವನ್ನು ಟಂಕಿಸಿದನು. 1606ರಲ್ಲಿ ಎರಡೂ ರಾಜ್ಯಗಳ ಶಿಲುಬೆಗಳನ್ನು ಒಂದರ ಮೇಲೊಂದಿಟ್ಟು ಬಾವುಟ ಮಾಡಿಸಿದನು. ಬಿರುದು, ನಾಣ್ಯ, ಬಾವುಟ ಮೂರೂ ಆದವು. ಒಗ್ಗಟ್ಟು ಮಾತ್ರ ಆಗಲಿಲ್ಲ. ಬಡ ಸ್ಕಾಟರು ಹಿಂಡುಹಿಂಡಾಗಿ ಬಂದು ತಮ್ಮ ಅನ್ನವನ್ನು ಕಸಿಯುವರೆಂದು ಇಂಗ್ಲೆಂಡಿನ ಸದಸ್ಯರು ಕೂಗಾಡಿದರು. ಹೊರಗಿನಿಂದ ಬಂದವರನ್ನು ಕುರಿತ ಈ ಮಾತು ಎಲ್ಲ ಊರುಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಒಂದೇ ರಾಗದ್ದು! 1607ರಲ್ಲಿ ದೊರೆಯ ಯೋಜನೆ ಬಿದ್ದುಹೋಯಿತು. 1603ರ ಅನಂತರ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು ಇಂಗ್ಲೆಂಡಿನಲ್ಲಿ ಪರಕೀಯರಲ್ಲ, ಅಲ್ಲಿ ಜಮೀನನ್ನು ಹೊಂದಬಹುದು ಎಂದು 1608ರಲ್ಲಿ ನ್ಯಾಯಾಧೀಶರು ತೀರ್ಪು ಕೊಟ್ಟದ್ದೇ ಅವನಿಗೆ ದೊರೆತ ದೊಡ್ಡ ಲಾಭ.

ಜೇಮ್ಸನು ಬುದ್ಧಿವಂತ, ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನು. ಅವನ ಮಗ ಒಂದನೆಯ ಚಾರ್ಲ್ಸನಿಗೆ ಆ ವಿವೇಕವಿರಲಿಲ್ಲ. ಸ್ಕಾಟ್ಲೆಂಡಿನಲ್ಲಿಯೇ ಹುಟ್ಟಿದವನಾದರೂ ಎಳೆತನದಲ್ಲಿಯೇ ಅದನ್ನು ಬಿಟ್ಟು, ಪಟ್ಟಕ್ಕೆ ಬಂದು ಎಂಟು ವರ್ಷಗಳಾದ ಮೇಲೆ, 1633ರಲ್ಲಿ, ಅಲ್ಲಿಗೆ ಹೋಗಿ ಕಿರೀಟ ಧರಿಸಿದನು. ದೊರೆ ಒಬ್ಬನಾದ ಮೇಲೆ ದೇವರ ಪೂಜೆಯೂ ಒಂದೇ ಬಗೆಯಾಗಬೇಕೆಂಬುದು ಅವನ ಹಟ. 1637ರ ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಹೊಸ ಪ್ರಾರ್ಥನಾ ಪುಸ್ತಕವನ್ನು ಓದತೊಡಗಿದಾಗ ದೊಂಬಿಯೆದ್ದಿತು. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸೊಬ್ಬಳು ತಾನು ಕುಳಿತಿದ್ದ ಸ್ಟೂಲನ್ನೇ ಎತ್ತಿ ಪಾದ್ರಿಯ ಮೇಲೆ ಎಸೆದಳೆಂದು ಐತಿಹ್ಯ. ಮರುವರ್ಷ ಫೆಬ್ರವರಿಯಲ್ಲಿ ಸರದಾರರು, ಪಾದ್ರಿಗಳು, ಪಟ್ಟಣಿಗರು ಸೇರಿ ತಮ್ಮ ಚರ್ಚನ್ನು ತಾವೇ ಕಾಪಾಡಿಕೊಳ್ಳುವೆವೆಂಬ ಒಡಂಬಡಿಕೆಗೆ ಸಹಿ ಹಾಕಿದರು.

ಇಲ್ಲಿಂದ ಮುಂದೆ ನಡೆದುದನ್ನು ಇಂಗ್ಲೆಂಡಿನ ಅಂತರ್ಯುದ್ಧವೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದು ಹೊತ್ತಿಕೊಂಡುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿಯವರನ್ನು ಬಗ್ಗುಬಡಿಯಲು ಚಾರ್ಲ್ಸನು 1639ರಲ್ಲಿಯೂ 1640ರಲ್ಲಿಯೂ ಸೈನ್ಯ ಕೂಡಿಸಿದನು. ಎರಡು ಸಲವೂ ಕೈಸಾಗಲಿಲ್ಲ. ಸ್ಕಾಟರು ಗಡಿ ದಾಟಿ ನ್ಯೂಕ್ಯಾಸಲ್ ನಗರದಲ್ಲಿ ಬೀಡುಬಿಟ್ಟರು. ಒಪ್ಪಂದವಾಗುವವರೆಗೆ ಅವರ ಸೈನ್ಯದ ವೆಚ್ಚಕ್ಕೆಂದು ದಿನವೊಂದಕ್ಕೆ 850 ಪೌಂಡು ಕೊಡಲು ದೊರೆ ಒಪ್ಪಬೇಕಾಯಿತು. ಬೊಕ್ಕಸದಲ್ಲಿ ಹಣವಿಲ್ಲ. ಹಣ ಬೇಕಾದರೆ ಪಾರ್ಲಿಮೆಂಟು ಸೇರಬೇಕು. ಹನ್ನೊಂದು ವರ್ಷ ಅದನ್ನು ಕರೆಯದೆ ಆಳಿದ್ದವನು ಈಗ ಕರೆಯಲೇಬೇಕಾಯಿತು. ಕರೆದೊಡನೆ ಹಳೆಯ ಬಾಕಿಯೆಲ್ಲ ಒಟ್ಟಿಗೆ ವಸೂಲಿಗೆ ಬಂದಿತು. 1641ರಲ್ಲಿ ಐರ್ಲೆಂಡು ದಂಗೆಯೆದ್ದಿತು. 1642ರ ಆಗಸ್ಟ್ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ದೊರೆ ತನ್ನ ಪ್ರಜೆಗಳ ಮೇಲೆಯೇ ಯುದ್ಧಧ್ವಜವನ್ನೆತ್ತಿದನು.

ಕಾಳಗಗಳನ್ನೆಲ್ಲ ವರ್ಣಿಸಿ ತಮ್ಮ ಹೊತ್ತನ್ನು ಕಳೆಯುವುದಿಲ್ಲ. ಸ್ಕಾಟರು 1643ರಲ್ಲಿ ಪಾರ್ಲಿಮೆಂಟಿನ ಪಕ್ಷ ಸೇರಿದರು. 1644ರಲ್ಲಿ ಮಾರ್ಸ್ಟನ್ ಮೂರ್, 1645ರಲ್ಲಿ ನೇಸ್‌ಬಿ. ಎರಡು ಕಡೆಯೂ ದೊರೆಗೆ ಸೋಲು. 1646ರಲ್ಲಿ ಅವನು ಸ್ಕಾಟರ ಸೈನ್ಯಕ್ಕೇ ಬಂದು ಶರಣಾದನು. ಸ್ಕಾಟರಿಗೆ ಬರಬೇಕಾಗಿದ್ದ ಬಾಕಿ ನಾಲ್ಕು ಲಕ್ಷ ಪೌಂಡೆಂದು ಗೊತ್ತಾಗಿ, ಅರ್ಧವನ್ನು ಮೊದಲು ಕೊಡುವುದೆಂದು ಇತ್ಯರ್ಥವಾಯಿತು. 1647ರ ಆರಂಭದಲ್ಲಿ ಹಣ ಉತ್ತರಕ್ಕೆ ಹೋಯಿತು. ದೊರೆ ದಕ್ಷಿಣದವರ ವಶವಾದನು. ಇದು ಸೈನಿಕರ ಸಂಬಳದ ಬಾಕಿ, ದೊರೆಯ ಬೆಲೆಯಲ್ಲ ಎಂದು ಸ್ಕಾಟರು ವಾದಿಸಿದರು. ಲೆಕ್ಕದಲ್ಲಿ ಅದು ನಿಜವಿರಬಹುದು. ಆದರೆ ಜಮೆಯೂ ಹಸ್ತಾಂತರವೂ ಒಂದೇ ಸಮಯಕ್ಕೆ ಬಿದ್ದರೆ ಲೋಕದ ಬಾಯಿಯನ್ನು ಮುಚ್ಚುವವರಾರು?

1649ರ ಜನವರಿ 30ರಂದು ಲಂಡನ್ನಿನಲ್ಲಿ ಚಾರ್ಲ್ಸನ ತಲೆ ಹೋಯಿತು. ಅವನು ಸ್ಕಾಟ್ಲೆಂಡಿಗೂ ದೊರೆಯಲ್ಲವೇ? ಆ ರಾಜ್ಯವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದರೊಂದಿಗೇ ಕಿರೀಟದ ಕೂಡಿಕೆ ಕಡಿದುಬಿತ್ತು. ಸಿಟ್ಟಿಗೆದ್ದ ಸ್ಕಾಟರು ಆತನ ಮಗನನ್ನು ದೊರೆಯೆಂದು ಸಾರಿದರು. ಕ್ರಾಂವೆಲ್ಲನು ಸೈನ್ಯದೊಡನೆ ಬಂದು 1650ರ ಸೆಪ್ಟೆಂಬರ್ 3ರಂದು ಡನ್‌ಬಾರಿನಲ್ಲಿ ಅವರನ್ನು ಮುರಿದನು. ಸರಿಯಾಗಿ ಒಂದು ವರ್ಷಕ್ಕೆ ಅದೇ ದಿನ ವೂಸ್ಟರಿನಲ್ಲಿ ಪೂರ್ತಿಯಾಗಿ ಸೋಲಿಸಿದನು.

ಎರಡನೆಯ ಕೂಡಿಕೆ ಹೀಗೆ ಕತ್ತಿಯಿಂದಾಯಿತು. 1652ರಲ್ಲಿ ಸಾರಿ, 1654ರ ಶಾಸನದಿಂದ ಅದನ್ನು ಊರ್ಜಿತಗೊಳಿಸಿದರು. ಕಾಗದದ ಮೇಲೆ ನೋಡಿದರೆ ಷರತ್ತುಗಳು ಕೆಟ್ಟವಲ್ಲ: ಒಂದೇ ಪಾರ್ಲಿಮೆಂಟು, ಅದರಲ್ಲಿ ಸ್ಕಾಟ್ಲೆಂಡಿಗೆ 30 ಸ್ಥಾನ, ಎರಡು ರಾಜ್ಯಗಳ ನಡುವೆ ಸುಂಕವಿಲ್ಲದ ವ್ಯಾಪಾರ. ಆದರೆ ಕೋಟೆಕೋಟೆಗಳಲ್ಲಿ ಇಂಗ್ಲಿಷ್ ಸಿಪಾಯಿಗಳು. ಅವರ ಊಟಕ್ಕೆ ಸ್ಕಾಟರ ಕಂದಾಯ. ಕೊಟ್ಟದ್ದು ಒಳ್ಳೆಯದೇ ಆದರೂ ಕೇಳದೆ ಕೊಟ್ಟದ್ದು ಕೊರಳಿಗೆ ಇಳಿಯುವುದಿಲ್ಲ. 1660ರಲ್ಲಿ ಎರಡನೆಯ ಚಾರ್ಲ್ಸನು ಪಟ್ಟಕ್ಕೆ ಬಂದೊಡನೆ ಆ ಶಾಸನ ರದ್ದಾಯಿತು. ಮತ್ತೆ ಎರಡು ರಾಜ್ಯ, ಎರಡು ಪಾರ್ಲಿಮೆಂಟು.

ಇಲ್ಲಿ ನಮ್ಮ ಊರಿನ ಮಾತೊಂದು ನಡುವೆ ಬರುತ್ತದೆ. ಈ ಎರಡನೆಯ ಚಾರ್ಲ್ಸನೇ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ವರಿಸಿದಾಗ, 1661ರ ಮದುವೆಯ ಒಪ್ಪಂದದಲ್ಲಿ ಮುಂಬಯಿಯನ್ನು ವರದಕ್ಷಿಣೆಯಾಗಿ ಪಡೆದವನು. 1668ರಲ್ಲಿ ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟನು. ಈ ಊರಿನಲ್ಲಿ ಒಂದು ಕೋಣೆಗೆ ನಾವು ಕೊಡುವ ಬಾಡಿಗೆಯನ್ನು ನೆನೆದು ನಿಟ್ಟುಸಿರು ಬಿಡುವುದಷ್ಟೇ ನಮ್ಮ ಪಾಲಿನದು.

ಇನ್ನು ಮೂರನೆಯ ಕೂಡಿಕೆ. 1688ರಲ್ಲಿ ಎರಡನೆಯ ಜೇಮ್ಸನು ಸಿಂಹಾಸನ ಬಿಟ್ಟು ಓಡಿದಾಗ ಎರಡು ರಾಜ್ಯಗಳೂ ಬೇರೆ ಬೇರೆ ಷರತ್ತುಗಳ ಮೇಲೆ ಒಬ್ಬನೇ ವಿಲಿಯಮ್ಮನನ್ನು ಆರಿಸಿಕೊಂಡವು. ಬೇರೆ ಬೇರೆಯಾಗಿ ಆರಿಸಿದವರು ಮುಂದೆ ಬೇರೆ ಬೇರೆಯವರನ್ನೂ ಆರಿಸಬಹುದಲ್ಲವೇ? ಈ ಭಯ ಅಂದಿನಿಂದ ಹುಟ್ಟಿತು. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಬೆಳೆ ಕೆಟ್ಟು ಭೀಕರ ಬರಗಾಲ. ಇಂಗ್ಲೆಂಡಿನ ವಸಾಹತುಗಳೊಡನೆ ವ್ಯಾಪಾರ ಮಾಡಲು ಹಡಗು ಕಾನೂನುಗಳ ಅಡ್ಡಿ. ಆಗ ವಿಲಿಯಂ ಪ್ಯಾಟರ್ಸನ್ ಎಂಬ ಸ್ಕಾಟ್ ವ್ಯಾಪಾರಿ ದೊಡ್ಡ ಆಸೆಯೊಂದನ್ನು ಮುಂದಿಟ್ಟನು. ಈತ ಸಾಮಾನ್ಯನಲ್ಲ, 1694ರಲ್ಲಿ, ಸರ್ಕಾರಕ್ಕೆ ಹನ್ನೆರಡು ಲಕ್ಷ ಪೌಂಡನ್ನು ನೂರಕ್ಕೆ ಎಂಟರ ಬಡ್ಡಿಗೆ ಸಾಲ ಕೊಟ್ಟು ಹುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡಿನ ಯೋಜನೆ ಇವನದೇ. ಮರುವರ್ಷ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಹುಟ್ಟಿತು. ಅದಕ್ಕೆ ಮುಂದಾದವನು ಜಾನ್ ಹಾಲೆಂಡ್ ಎಂಬ ಇಂಗ್ಲಿಷಿನವನು. ರಾಜ್ಯಗಳು ಕೂಡುವ ಮೊದಲೇ ಬ್ಯಾಂಕಿನವರು ಕೂಡಿಕೊಂಡಿದ್ದರೆಂದು ನಮ್ಮ ವೃತ್ತಿಯವರು ಹೆಮ್ಮೆಪಡಬಹುದು.

1695ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಆಫ್ರಿಕ ಮತ್ತು ಇಂಡೀಸ್ ದೇಶಗಳೊಡನೆ ವ್ಯಾಪಾರ ಮಾಡಲು ಒಂದು ಕಂಪನಿಗೆ ಸನದು ಕೊಟ್ಟಿತು. ಲಂಡನ್ನಿನಲ್ಲಿಯೇ ಮೂರು ಲಕ್ಷ ಪೌಂಡಿನ ಷೇರುಗಳಿಗೆ ಜನ ಹೆಸರು ಬರೆಸಿದರು. ಈಸ್ಟ್ ಇಂಡಿಯಾ ಕಂಪನಿಯವರಿಗೆ ಹೊಟ್ಟೆಯಲ್ಲಿ ಕಿಚ್ಚು. ಅವರ ಒತ್ತಾಯದಿಂದ ಇಂಗ್ಲೆಂಡಿನ ಪಾರ್ಲಿಮೆಂಟು ಕಣ್ಣು ಕೆಂಪಗೆ ಮಾಡಿತು. ಷೇರುದಾರರು ಹಿಂದೆ ಸರಿದರು. ಆಗ ಸ್ಕಾಟರಿಗೆ ಹಟ ಹುಟ್ಟಿತು. ಸರದಾರರು, ವಕೀಲರು, ವೈದ್ಯರು, ವಿಧವೆಯರು, ಪಟ್ಟಣದ ಸಭೆಗಳು ಎಲ್ಲರೂ ಕೈಲಾದಷ್ಟು ಹಾಕಿ 1696ರಲ್ಲಿ ನಾಲ್ಕು ಲಕ್ಷ ಪೌಂಡಿಗೆ ಹೆಸರು ಬರೆದರು. ಬಡ ನಾಡಿನ ನಗದಿನಲ್ಲಿ ಅದು ಬಹುದೊಡ್ಡ ಪಾಲು.

ಹಣ ಹೋದದ್ದೆಲ್ಲಿಗೆ? ಅಮೆರಿಕದ ಎರಡು ಖಂಡಗಳನ್ನು ಕೂಡಿಸುವ ಪನಾಮಾ ಭೂಕಂಠದ ಡೇರಿಯನ್ ಎಂಬ ತೀರಕ್ಕೆ. ಎರಡು ಸಾಗರಗಳ ವ್ಯಾಪಾರದ ಬೀಗದಕೈ ಅಲ್ಲಿದೆಯೆಂದು ಪ್ಯಾಟರ್ಸನ್ನನ ಲೆಕ್ಕ. 1698ರ ಜುಲೈಯಲ್ಲಿ ಐದು ಹಡಗುಗಳಲ್ಲಿ ಸುಮಾರು 1200 ಮಂದಿ ಹೊರಟರು. ಸೊಳ್ಳೆ, ಜ್ವರ, ಮಳೆ, ಹಸಿವು. ಆ ಭೂಮಿ ತನ್ನದೆನ್ನುವ ಸ್ಪೇನಿನ ಹಗೆ. ಅವರಿಗೆ ನೆರವು ಕೊಡಕೂಡದೆಂದು ತಮ್ಮದೇ ದೊರೆ ವಿಲಿಯಮ್ಮನು ಇಂಗ್ಲಿಷ್ ವಸಾಹತುಗಳಿಗೆ ಆಜ್ಞೆ ಕಳುಹಿಸಿದ್ದನು. 1699ರ ಜೂನಿನಲ್ಲಿ ಬದುಕಿದವರು ಬಿಟ್ಟು ಓಡಿದರು. ಅದನ್ನು ತಿಳಿಯದೆ ಹೊರಟ ಎರಡನೆಯ ತಂಡ 1700ರಲ್ಲಿ ಸ್ಪೇನಿನವರಿಗೆ ಶರಣಾಯಿತು. ಸತ್ತವರು ಸುಮಾರು ಎರಡು ಸಾವಿರ. ಪ್ಯಾಟರ್ಸನ್ನನ ಹೆಂಡತಿಯೂ ಅಲ್ಲಿಯೇ ಮಣ್ಣಾದಳು. ಒಂದು ತಲೆಗೆ ಎರಡು ಕಿರೀಟವಿದ್ದರೆ ಚಿಕ್ಕ ಕಿರೀಟದ ಗತಿಯೇನೆಂಬುದು ಸ್ಕಾಟರಿಗೆ ಚೆನ್ನಾಗಿ ತಿಳಿಯಿತು.

ಆ್ಯನ್ ರಾಣಿಯ ಕೊನೆಯ ಮಗು 1700ರಲ್ಲಿ ತೀರಿಕೊಂಡಿತ್ತು. ಮುಂದಿನ ದೊರೆ ಹ್ಯಾನೋವರಿನ ಮನೆತನದವನೆಂದು ಇಂಗ್ಲೆಂಡು 1701ರಲ್ಲಿ ತಾನೊಂದೇ ಗೊತ್ತುಮಾಡಿತು. ಹಾಗಾದರೆ ನಮ್ಮ ದೊರೆಯನ್ನು ನಾವು ಗೊತ್ತುಮಾಡುವೆವೆಂದು ಸ್ಕಾಟ್ಲೆಂಡಿನ ಪಾರ್ಲಿಮೆಂಟು 1703ರಲ್ಲಿ ಮಸೂದೆ ಅಂಗೀಕರಿಸಿತು. ಇಂಗ್ಲೆಂಡು 1705ರಲ್ಲಿ ಉತ್ತರ ಕೊಟ್ಟಿತು: ಡಿಸೆಂಬರ್ 25ರೊಳಗೆ ಮಾತುಕತೆಗೆ ಬಾರದಿದ್ದರೆ ಸ್ಕಾಟರು ಪರಕೀಯರು, ಅವರ ದನ, ನಾರುಬಟ್ಟೆ, ಕಲ್ಲಿದ್ದಲು ಇಂಗ್ಲೆಂಡಿನೊಳಗೆ ಬರಕೂಡದು. ಮತ್ತೊಂದು ಯುದ್ಧ ಹೊಸ್ತಿಲಿಗೆ ಬಂದಿತ್ತು. ಅರುವತ್ತು ವರ್ಷದ ಹಿಂದಿನ ಅಂತರ್ಯುದ್ಧದ ಕಥೆಗಳನ್ನು ತಂದೆ ತಾತಂದಿರ ಬಾಯಿಂದ ಕೇಳಿದ್ದ ಜನ ಎರಡೂ ಕಡೆ ಇದ್ದರು. ಕೊನೆಗೆ ಕುಳಿತು ಮಾತನಾಡಲು ಒಪ್ಪಿದರು.

1706ರ ಏಪ್ರಿಲಿನಿಂದ ಜುಲೈವರೆಗೆ ಲಂಡನ್ನಿನಲ್ಲಿ ಸಂಧಾನ ನಡೆಯಿತು. ಎರಡೂ ಕಡೆಗೆ 31 ಮಂದಿ. ವಿಶೇಷವೇನೆಂದರೆ ಅವರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು, ಮಾತನ್ನೆಲ್ಲ ಬರವಣಿಗೆಯಲ್ಲಿಯೇ ಕಳುಹಿಸಿಕೊಂಡರು. ಬಾಯಿಮಾತು ಬೇಡ, ಕಾಗದವಿರಲಿ ಎಂಬುದು ಬ್ಯಾಂಕಿನವರ ಬುದ್ಧಿ; ನನಗೆ ಇದು ಬಹಳ ಹಿಡಿಸಿತು. ಹೊರಬಂದ ಕರಾರಿಗೆ 25 ಕಲಮುಗಳು. ಒಂದೇ ರಾಜ್ಯ, ಒಂದೇ ಪಾರ್ಲಿಮೆಂಟು. ಅದರಲ್ಲಿ ಸ್ಕಾಟ್ಲೆಂಡಿಗೆ ಕೆಳಮನೆಯಲ್ಲಿ 45, ಮೇಲ್ಮನೆಯಲ್ಲಿ 16 ಸ್ಥಾನ. ಎಲ್ಲ ಬಂದರುಗಳೂ ವಸಾಹತುಗಳೂ ಇಬ್ಬರಿಗೂ ಮುಕ್ತ. ನಾಣ್ಯ, ತೂಕ, ಅಳತೆ ಒಂದೇ. ಆದರೆ ಸ್ಕಾಟ್ಲೆಂಡಿನ ಖಾಸಗಿ ಕಾನೂನು ಅವರದೇ; ಹಿರಿಯ ನ್ಯಾಯಾಲಯ ಎಡಿನ್‌ಬರೋದಲ್ಲಿಯೇ; ಪಟ್ಟಣಗಳ ಹಕ್ಕು ಮೊದಲಿನಂತೆಯೇ. ಯಾವ ಚರ್ಚಿಗಾಗಿ 1637ರಲ್ಲಿ ಸ್ಟೂಲು ಹಾರಿತ್ತೋ ಆ ಚರ್ಚು, ಅದರೊಡನೆ ವಿಶ್ವವಿದ್ಯಾಲಯಗಳೂ, ಶಾಶ್ವತವಾಗಿ ಅವರ ಕೈಯಲ್ಲಿಯೇ ಇರತಕ್ಕವೆಂದು ಪ್ರತ್ಯೇಕ ಶಾಸನ.

ಹದಿನೈದನೆಯ ಕಲಮು ನಮ್ಮಂಥವರಿಗಾಗಿಯೇ ಬರೆದಂತಿದೆ. ಇಂಗ್ಲೆಂಡಿಗೆ ಭಾರಿ ಸಾಲವಿತ್ತು. ಒಂದೇ ಖಜಾನೆಯಾದರೆ ಸ್ಕಾಟರು ಕೊಡುವ ಸುಂಕವೂ ಆ ಸಾಲ ತೀರಿಸಲು ಹೋಗುವುದು. ತಾವು ಮಾಡದ ಸಾಲವನ್ನು ಅವರೇಕೆ ತೀರಿಸಬೇಕು? ಆದುದರಿಂದ ಲೆಕ್ಕ ಹಾಕಿ ಮೊದಲೇ ಪರಿಹಾರ ಕೊಟ್ಟರು. ಅದಕ್ಕೆ ‘ಸಮಮೌಲ್ಯ’ವೆಂದು ಹೆಸರು. ಮೊತ್ತ 3,98,085 ಪೌಂಡು 10 ಷಿಲಿಂಗು. ಸ್ಕಾಟ್ಲೆಂಡಿನ ಹಳೆಯ ಪೌಂಡಿನಲ್ಲಿ 47 ಲಕ್ಷ 77 ಸಾವಿರದ 26. ಹತ್ತು ಷಿಲಿಂಗನ್ನೂ ಬಿಡದ ಈ ಲೆಕ್ಕವನ್ನು ನೋಡಿದಾಗ, ಆ ರಾತ್ರಿ ದೀಪದ ಮುಂದೆ ಕುಳಿತು ಕೂಡಿ ಕಳೆದ ಅನಾಮಧೇಯ ಗುಮಾಸ್ತನಿಗೆ ಕೈಮುಗಿಯಬೇಕೆನ್ನಿಸುತ್ತದೆ. ಈ ಹಣದಿಂದ ಡೇರಿಯನ್ ಕಂಪನಿಯ ಷೇರುದಾರರಿಗೆ ಅವರು ಕಟ್ಟಿದ ಅಸಲು, ಮೇಲೆ ನೂರಕ್ಕೆ ಐದರ ಬಡ್ಡಿ ಸಂದಾಯವಾಗಬೇಕೆಂದು ಕರಾರಿನಲ್ಲಿಯೇ ಬರೆದಿತ್ತು.

ಜನ ಒಪ್ಪಿದರೇ? ಇಲ್ಲ. ಎಡಿನ್‌ಬರೋ, ಗ್ಲಾಸ್ಗೋಗಳಲ್ಲಿ ದೊಂಬಿಯಾಯಿತು. ಡಮ್‌ಫ್ರೀಸ್‌ನಲ್ಲಿ ಕರಾರನ್ನು ಬೀದಿಯಲ್ಲಿ ಸುಟ್ಟರು. ಬೇಡವೆಂಬ ಮನವಿಗಳು ರಾಶಿರಾಶಿಯಾಗಿ ಬಂದವು. ಮೊದಲನೆಯ ಕಲಮಿಗೆ ಪರವಾಗಿ 116, ವಿರುದ್ಧವಾಗಿ 83 ಮತ ಬಿದ್ದವು. ಪಾರ್ಲಿಮೆಂಟಿನ ಕೆಲವು ಪ್ರಮುಖರಿಗೆ ಸಂಬಳದ ಬಾಕಿಯೆಂಬ ಹೆಸರಿನಲ್ಲಿ ಹಂಚಲು ಲಂಡನ್ನಿನಿಂದ ಗುಟ್ಟಾಗಿ 20,000 ಪೌಂಡು ಬಂದಿತ್ತೆಂಬುದೂ ಸತ್ಯ. ಅದನ್ನೇ ಎತ್ತಿ ಮುಂದೆ ಕವಿ ಬರ್ನ್ಸ್ ಕಟುವಾಗಿ ಹಂಗಿಸಿದನು. ಕೊನೆಯ ದಿನ ಛಾನ್ಸೆಲರ್ ಸೀಫೀಲ್ಡನು ಕರಾರಿಗೆ ರುಜು ಮಾಡಿ, ಹಳೆಯ ಹಾಡೊಂದು ಮುಗಿಯಿತೆಂದು ಉದ್ಗರಿಸಿದನಂತೆ. 1707ರ ಮೇ 1ರಂದು ಗ್ರೇಟ್ ಬ್ರಿಟನ್ ಹುಟ್ಟಿತು. ಆಗಸ್ಟಿನಲ್ಲಿ ಸಮಮೌಲ್ಯದ ಹಣ ಗಾಡಿಗಳಲ್ಲಿ ಎಡಿನ್‌ಬರೋಗೆ ಬಂದಾಗ ಜನ ಗಾಡಿಯವರಿಗೆ ಕಲ್ಲೆಸೆದರು. ಬಹುಪಾಲು ನಗದಲ್ಲ, ಬರಿಯ ಖಜಾನೆಯ ಚೀಟಿಗಳೆಂದು ಮತ್ತಷ್ಟು ರೇಗಿದರು.

ಆರು ವರ್ಷಗಳಲ್ಲೇ ಕೂಡಿಕೆ ಮುರಿದು ಬೀಳುವುದರಲ್ಲಿತ್ತು. ಮಾಲ್ಟಿನ ಮೇಲಿನ ತೆರಿಗೆಯನ್ನು ಸ್ಕಾಟ್ಲೆಂಡಿಗೂ ಹಾಕಹೊರಟಾಗ, 1713ರಲ್ಲಿ, ಕೂಡಿಕೆಯನ್ನು ರದ್ದುಗೊಳಿಸಬೇಕೆಂಬ ಸೂಚನೆ ಮೇಲ್ಮನೆಗೆ ಬಂದಿತು. ತಂದವನು ಬೇರಾರೂ ಅಲ್ಲ, ಅದಕ್ಕೆ ರುಜು ಹಾಕಿದ್ದ ಅದೇ ಸೀಫೀಲ್ಡ್! ಸೂಚನೆ ಬಿದ್ದುದು ಕೇವಲ ನಾಲ್ಕು ಮತಗಳಿಂದ. ಮುಂದೆ 1715ರಲ್ಲಿಯೂ 1745ರಲ್ಲಿಯೂ ಹಳೆಯ ರಾಜವಂಶದ ಪರವಾಗಿ ದಂಗೆಗಳಾದವು; 1746ರಲ್ಲಿ ಕಲಾಡನ್ನಿನ ಬಯಲಿನಲ್ಲಿ ಅವು ರಕ್ತದಲ್ಲಿ ಮುಗಿದವು. ಇಷ್ಟಾದರೂ ಕರಾರು ನಿಂತಿತು. ಏಕೆ?

ನನಗೆ ಕಾಣುವ ಕಾರಣವಿಷ್ಟು. ಕಿರೀಟದ ಕೂಡಿಕೆಯಲ್ಲಿ ಚಿಕ್ಕವರಿಗೆ ಏನು ಉಳಿಯುವುದೆಂದು ಯಾರೂ ಬರೆಯಲಿಲ್ಲ. ಕತ್ತಿಯ ಕೂಡಿಕೆಯಲ್ಲಿ ಬರೆದವರು ಗೆದ್ದವರು ಮಾತ್ರ. ಮೂರನೆಯದರಲ್ಲಿ ಲಂಚವಿತ್ತು, ಬೆದರಿಕೆಯಿತ್ತು, ಎಲ್ಲವೂ ಇತ್ತು. ಆದರೂ ಏನನ್ನು ಕೊಡುತ್ತೇವೆ, ಏನನ್ನು ಇಟ್ಟುಕೊಳ್ಳುತ್ತೇವೆ ಎಂಬುದು ಕಲಮು ಕಲಮಾಗಿ ಬರವಣಿಗೆಯಲ್ಲಿತ್ತು. ಇಟ್ಟುಕೊಂಡದ್ದರಿಂದಲೇ ಆ ನಾಡು ಬೆಳೆಯಿತು. ಸಮಮೌಲ್ಯದ ಸಾಲಪತ್ರಗಳನ್ನು ಹಿಡಿದವರು ಸೇರಿ ಕಂಪನಿ ಕಟ್ಟಿ, 1727ರಲ್ಲಿ ಅದನ್ನು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮಾಡಿದರು. ಮರುವರ್ಷ ಆ ಬ್ಯಾಂಕು ವಿಲಿಯಂ ಹಾಗ್ ಎಂಬ ವ್ಯಾಪಾರಿಗೆ ಅವನ ಖಾತೆಯಲ್ಲಿರುವುದಕ್ಕಿಂತ ಸಾವಿರ ಪೌಂಡಿನವರೆಗೆ ಹೆಚ್ಚು ತೆಗೆಯಲು ಅನುಮತಿ ಕೊಟ್ಟಿತು. ಇದೇ ‘ಕ್ಯಾಶ್ ಕ್ರೆಡಿಟ್’ ಪದ್ಧತಿಯ ಮೂಲ. ಈ ಸಭೆಯಲ್ಲಿರುವ ಹೋಟೆಲಿನ ಮಾಲೀಕರೂ ಕಿರಾಣಿ ವ್ಯಾಪಾರಿಗಳೂ ಈ ಹೆಸರನ್ನು ಚೆನ್ನಾಗಿ ಬಲ್ಲರು. ತಿಂಗಳ ಕೊನೆಯಲ್ಲಿ ಬಡ್ಡಿ ಕಳೆದಾಗ ಇನ್ನೂ ಚೆನ್ನಾಗಿ! ಕರಾರು ಕಾಪಾಡಿದ ವಿಶ್ವವಿದ್ಯಾಲಯಗಳಲ್ಲಿ ಒಂದಾದ ಗ್ಲಾಸ್ಗೋದಲ್ಲಿ ಓದಿದ ಆ್ಯಡಂ ಸ್ಮಿತ್ 1776ರಲ್ಲಿ ಹೊರತಂದ ತನ್ನ ಮಹಾಗ್ರಂಥದಲ್ಲಿ ಈ ಖಾತೆಗಳ ವಿಚಾರವನ್ನು ಚರ್ಚಿಸಿದ್ದಾನೆ.

ಕಂಪನಿಯ ಬಾಗಿಲು ತೆರೆದುದರಿಂದ ಸ್ಕಾಟರು ನಮ್ಮ ದೇಶಕ್ಕೂ ಬಂದರು. ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಮನ್ರೋ ಮೊದಲು ಕೆನರಾದಲ್ಲಿ, ಅನಂತರ 1800ರಿಂದ 1807ರವರೆಗೆ ಬಳ್ಳಾರಿಯನ್ನೊಳಗೊಂಡ ಸೀಮೆಯಲ್ಲಿ ಕಂದಾಯದ ವ್ಯವಸ್ಥೆ ಮಾಡಿದನು. ಈ ಊರಿನ ಕಾಲೇಜಿಗೆ ಹೆಸರಾದ ಗವರ್ನರ್ ಎಲ್ಫಿನ್‌ಸ್ಟನ್ ಸ್ಕಾಟ್. ಮೈಸೂರು ಸೀಮೆಯನ್ನು ಅಳೆದು, ನಮ್ಮ ಶಾಸನಗಳನ್ನೂ ಕೈಬರಹಗಳನ್ನೂ ಕೂಡಿಹಾಕಿಸಿದ ಕಾಲಿನ್ ಮೆಕೆಂಜಿ ಉತ್ತರದ ಲೂಯಿಸ್ ದ್ವೀಪದವನು. ಅವರು ಬಂದುದು ಆಳುವುದಕ್ಕೆ, ನಮ್ಮ ಉದ್ಧಾರಕ್ಕಲ್ಲ. ಆದರೂ ಇತಿಹಾಸದ ಎಳೆಗಳು ಎಲ್ಲಿಂದೆಲ್ಲಿಗೆ ಬಂದಿವೆ ನೋಡಿ.

ಕರಾರನ್ನು ಬಗ್ಗಿಸಿದ ಕಡೆ ಬಿರುಕು ಬಿಟ್ಟಿದ್ದೂ ಉಂಟು. 1712ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಸ್ಕಾಟ್ಲೆಂಡಿನ ಪಾದ್ರಿಗಳ ನೇಮಕದಲ್ಲಿ ಜಮೀನುದಾರರಿಗೆ ಹಕ್ಕು ಕೊಟ್ಟಿತು. ಅದರ ಫಲವಾಗಿ 1843ರಲ್ಲಿ ನಾನೂರಕ್ಕೂ ಹೆಚ್ಚು ಪಾದ್ರಿಗಳು ಹೊರನಡೆದು ಚರ್ಚೇ ಇಬ್ಭಾಗವಾಯಿತು. ಐರ್ಲೆಂಡನ್ನು 1801ರಲ್ಲಿ ಕೂಡಿಸಿಕೊಳ್ಳುವಾಗ ಅಲ್ಲಿಯ ಕ್ಯಾಥೊಲಿಕರಿಗೆ ಸಮಾನ ಹಕ್ಕಿನ ಆಸೆ ತೋರಿಸಿದರು, ಕರಾರಿನಲ್ಲಿ ಬರೆಯಲಿಲ್ಲ. ಅದು ಕೈಗೆ ಬರಲು 1829 ಆಯಿತು. ಅಷ್ಟರಲ್ಲಿ ಮನಸ್ಸು ಮುರಿದಿತ್ತು. 1922ರಲ್ಲಿ ಐರ್ಲೆಂಡಿನ ಬಹುಭಾಗ ಬಿಟ್ಟುಹೋಯಿತು. ಸ್ಕಾಟ್ಲೆಂಡಾದರೋ 1999ರಲ್ಲಿ ತನ್ನ ಪಾರ್ಲಿಮೆಂಟನ್ನು ಮರಳಿ ಪಡೆಯಿತು. 2014ರ ಸೆಪ್ಟೆಂಬರ್ 18ರಂದು, ಬೇರೆಯಾಗಬೇಕೇ ಎಂದು ಜನರನ್ನೇ ಕೇಳಿದಾಗ ನೂರಕ್ಕೆ 55 ಮಂದಿ ಬೇಡವೆಂದರು, 45 ಮಂದಿ ಬೇಕೆಂದರು. ಕತ್ತಿಯಿಲ್ಲದೆ, ಚೀಟಿಯಿಂದ ಕೇಳಿದರು, ಚೀಟಿಯಿಂದ ಹೇಳಿದರು. ಒಂದನೆಯ ಚಾರ್ಲ್ಸನ ಕಾಲದಿಂದ ಎಷ್ಟು ದೂರ ಬಂದಂತಾಯಿತು!

ಕೊನೆಯದಾಗಿ ಒಂದು ಮಾತು. ಇದನ್ನು ಕನ್ನಡಿಗರ ಮುಂದೆ ಹೇಳದಿದ್ದರೆ ನನ್ನ ಲೆಕ್ಕ ತಾಳೆಯಾಗದು. ಆ 25 ಕಲಮುಗಳಲ್ಲಿ ಉಪ್ಪಿದೆ, ಮಾಲ್ಟಿದೆ, ನಾಣ್ಯವಿದೆ, ತೂಕವಿದೆ. ನುಡಿಯ ಮಾತು ಒಂದರಲ್ಲಿಯೂ ಇಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ, ದ್ವೀಪಗಳಲ್ಲಿ ಗೇಲಿಕ್ ಎಂಬ ಪ್ರಾಚೀನ ಭಾಷೆಯಿತ್ತು. ಅದನ್ನು ಇಂಗ್ಲೆಂಡಿನವರು ಬಂದು ಕಿತ್ತುಕೊಂಡರೆಂದು ಹೇಳುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. 1616ರಲ್ಲಿಯೇ, ಗುಡ್ಡಗಾಡಿನಲ್ಲಿ ಇಂಗ್ಲಿಷ್ ಶಾಲೆಗಳಾಗಬೇಕು, ಆ ಭಾಷೆ ಅಳಿಯಬೇಕೆಂದು ಆಜ್ಞೆ ಮಾಡಿದುದು ಸ್ಕಾಟ್ಲೆಂಡಿನದೇ ಆಡಳಿತ ಮಂಡಲಿ. 1709ರಲ್ಲಿ ಹುಟ್ಟಿದ ಧರ್ಮಪ್ರಸಾರದ ಸಂಸ್ಥೆಯೊಂದು ನೂರಾರು ಮಕ್ಕಳಿಗೆ ಅವರಿಗೆ ತಿಳಿಯದ ಇಂಗ್ಲಿಷಿನಲ್ಲಿಯೇ ಪಾಠ ಹೇಳಿತು, ಅದೂ ಸ್ಕಾಟರದೇ. ಚರ್ಚಿಗಾಗಿ ದೊರೆಯನ್ನೇ ಎದುರಿಸಿದವರು, ಹತ್ತು ಷಿಲಿಂಗಿಗಾಗಿ ಹಟ ಹಿಡಿದವರು, ಮನೆಯೊಳಗಿನ ಒಂದು ನುಡಿಯನ್ನು ಆಸ್ತಿಯೆಂದು ಎಣಿಸಲಿಲ್ಲ. 2011ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕ ಜನರಲ್ಲಿ ಗೇಲಿಕ್ ಆಡಬಲ್ಲವರು ಸುಮಾರು 57 ಸಾವಿರ. ಆ ಭಾಷೆಗೆ ರಕ್ಷಣೆಯ ಶಾಸನ ಬಂದುದು 2005ರಲ್ಲಿ, ಕರಾರಾಗಿ 298 ವರ್ಷಗಳ ಮೇಲೆ.

ನಾವು ಈ ದೊಡ್ಡ ಊರಿಗೆ ಅನ್ನ ಅರಸಿ ಬಂದವರು. ಇಲ್ಲಿಯ ಜನರೊಡನೆ, ಇಲ್ಲಿಯ ಮರಾಠಿಯೊಡನೆ ಕೂಡಿ ಬಾಳುವುದು ನಮ್ಮ ಧರ್ಮ. ಅದರಲ್ಲಿ ಎರಡನೆಯ ಮಾತಿಲ್ಲ. ನಮ್ಮ ದೇಶದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಕನ್ನಡದ ಹೆಸರಿದೆ. ನಾಡಿನಲ್ಲಿ ಅದಕ್ಕೆ ಸರ್ಕಾರವಿದೆ. ಅದು ಬರವಣಿಗೆಯಲ್ಲಿರುವ ಕರಾರು, ಅದನ್ನು ನೋಡಿಕೊಳ್ಳುವವರಿದ್ದಾರೆ. ಆದರೆ ಮುಂಬಯಿಯ ಒಂದು ಚಾಳಿನ ಕೋಣೆಯಲ್ಲಿ ಮಗು ಅಜ್ಜಿಗೆ ಯಾವ ನುಡಿಯಲ್ಲಿ ಉತ್ತರ ಕೊಡಬೇಕೆಂದು ಯಾವ ಶಾಸನದ ಯಾವ ಕಲಮಿನಲ್ಲಿಯೂ ಬರೆದಿಲ್ಲ. ಆ ಕಲಮನ್ನು ಬರೆಯಬೇಕಾದವರು ತಾಯಂದಿರು, ತಂದೆಯರು. ರುಜು ಹಾಕಬೇಕಾದವರು ಮಕ್ಕಳು. ಸಂಘದ ವತಿಯಿಂದ ನಡೆಯುವ ಭಾನುವಾರದ ಕನ್ನಡ ತರಗತಿಗೆ ತಮ್ಮ ಮಕ್ಕಳನ್ನು ಕಳುಹಿಸಿರೆಂದು ಕಾರ್ಯದರ್ಶಿಗಳು ಪ್ರತಿ ಸಭೆಯಲ್ಲಿಯೂ ವಿನಂತಿಸುತ್ತಾರೆ. ಆ ವಿನಂತಿಗೆ ನನ್ನದೊಂದು ದನಿಯನ್ನು ಕೂಡಿಸಿ, ನನ್ನ ಮಾತನ್ನು ಮುಗಿಸುತ್ತೇನೆ.